ಮೊಬೈಲ್‌ನಲ್ಲಿ ಓಡುವ ವೈಫೈ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆವಳುವುದೇಕೆ?

ಪ್ರಶ್ನೆ: ಮಗಳ ಓದಿಗೆಂದು ಹೊಸ ಲ್ಯಾಪ್‌ಟಾಪ್ ತಂದಿದ್ದೇವೆ. ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. ನನ್ನ ಮೊಬೈಲ್‌ನಲ್ಲಿ ಅಳೆದರೆ ವೇಗ 90 ದಾಟುತ್ತದೆ. ಅದೇ ಕೋಣೆಯಲ್ಲಿ ಲ್ಯಾಪ್‌ಟಾಪ್‌ನಲ್ಲಿ 15 ಬಂದರೆ ಹೆಚ್ಚು. ಅಂಗಡಿಯವರು ಲೈನ್ ನೋಡಿಸಿ ಎನ್ನುತ್ತಾರೆ, ಲೈನ್‌ನವರು ಲ್ಯಾಪ್‌ಟಾಪ್ ತೋರಿಸಿ ಎನ್ನುತ್ತಾರೆ. ಯಾರ ಮಾತು ನಂಬಲಿ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಸದ್ಯಕ್ಕೆ ಇಬ್ಬರನ್ನೂ ಬಿಡಿ. ಅರ್ಧ ಪಂಚಾಯಿತಿಯನ್ನು ನಿಮ್ಮ ಮೊಬೈಲೇ ಮುಗಿಸಿದೆ. ಅದೇ ಕೋಣೆಯಲ್ಲಿ ಅದಕ್ಕೆ 90 ಸಿಗುತ್ತಿದೆಯೆಂದರೆ ಬೀದಿಯಿಂದ ರೂಟರ್‌ವರೆಗಿನ ಲೈನ್ ಸರಿಯಾಗಿದೆ. ತಂಟೆ ಇರುವುದು ರೂಟರ್‌ಗೂ ಲ್ಯಾಪ್‌ಟಾಪ್‌ಗೂ ನಡುವಿನ ಹತ್ತು ಹದಿನೈದು ಅಡಿಯಲ್ಲಿ.

ಈಗಿನ ಹೆಚ್ಚಿನ ರೂಟರ್‌ಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ, ಎಂದರೆ ರೇಡಿಯೊ ತರಂಗದ ಎರಡು ಪಟ್ಟಿಗಳಲ್ಲಿ, ಮಾತನಾಡುತ್ತವೆ. 2.4 ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ, ಆದರೆ ಇಕ್ಕಟ್ಟು. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಅದರಲ್ಲಿ 1, 6, 11 ಎಂದು ಮೂರೇ. ಅಕ್ಕಪಕ್ಕದ ಹತ್ತು ಮನೆಗಳ ರೂಟರ್, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲಿಯೇ ನುಗ್ಗುತ್ತವೆ. ನಮ್ಮೂರ ಅಶೋಕ ಟಾಕೀಸ್ ಪಕ್ಕದ ರೈಲ್ವೆ ಗೇಟ್ ಬಿದ್ದಾಗ ನಿಂತು ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲ್ಯಾಪ್‌ಟಾಪ್ ಒಳಗೆ ಕೂತಿರುವ, ಒಂದೇ ಆಂಟೆನಾದ ಅಗ್ಗದ ವೈಫೈ ಕಾರ್ಡ್ ಈ ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ 72 ಎಂಬಿಪಿಎಸ್‌ಗೆ ಜೋಡಣೆಯಾಗುತ್ತದೆ. ಕೈಗೆ ಸಿಗುವುದು ಅದರ ಅರ್ಧ. ಅದರಲ್ಲೂ ನೆರೆಹೊರೆಯವರ ಪಾಲು ಕಳೆದರೆ ನಿಮ್ಮ 15ಕ್ಕೆ ಲೆಕ್ಕ ಸಿಕ್ಕೀತು. ಮೊಬೈಲ್ ಬಹುಶಃ 5ರಲ್ಲಿ ಕುಳಿತಿದೆ.

ಊಹೆ ಬೇಡ, ನೋಡಿಯೇ ಬಿಡಿ. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಅದರೊಳಗೆ ವೈಫೈ, ಅಲ್ಲಿ ನಿಮ್ಮ ವೈಫೈ ಹೆಸರಿನ ಪ್ರಾಪರ್ಟೀಸ್ ತೆರೆಯಿರಿ. ಕೆಳಗೆ ಜಾರಿದರೆ ನೆಟ್‌ವರ್ಕ್ ಬ್ಯಾಂಡ್, ಲಿಂಕ್ ಸ್ಪೀಡ್ ಎಂಬ ಸಾಲುಗಳಿವೆ. ಬ್ಯಾಂಡ್ ಎದುರು 2.4 ಎಂದಿದ್ದರೆ ಕಳ್ಳ ಸಿಕ್ಕ. ರೂಟರ್ ಎರಡೂ ಬ್ಯಾಂಡ್‌ಗೆ ಒಂದೇ ಹೆಸರು ಇಟ್ಟಿದ್ದರೆ ಯಾವುದಕ್ಕೆ ಸೇರಬೇಕೆಂದು ಲ್ಯಾಪ್‌ಟಾಪೇ ತೀರ್ಮಾನಿಸುತ್ತದೆ, ಆ ತೀರ್ಮಾನ ಕೆಲವೊಮ್ಮೆ ದಡ್ಡತನದ್ದು. ಲೈನ್‌ನವರಿಗೆ ಹೇಳಿ ಎರಡಕ್ಕೂ ಬೇರೆ ಬೇರೆ ಹೆಸರು ಇಡಿಸಿ, ಲ್ಯಾಪ್‌ಟಾಪ್ ಅನ್ನು 5ಕ್ಕೆ ಸೇರಿಸಿ, ಹಳೆಯ ಹೆಸರನ್ನು ಮರೆಸಿಬಿಡಿ. ಅದು ಆಗದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡಿನ ಅಡ್ವಾನ್ಸ್ಡ್ ಪುಟದಲ್ಲಿ ಪ್ರಿಫರ್ಡ್ ಬ್ಯಾಂಡ್ ಎಂಬುದಿದೆಯೇ ನೋಡಿ, ಇದ್ದರೆ 5 ಆರಿಸಿ.

5 ಎಲ್ಲ ಮನೆಗೂ ಒಗ್ಗುವುದಿಲ್ಲ, ಅದನ್ನೂ ಹೇಳಬೇಕು. ನನ್ನ ಅಕ್ಕನ ಮನೆ ಚಿತ್ರದುರ್ಗದಲ್ಲಿ, ಕೋಟೆಯ ಮಗ್ಗುಲಿಗೆ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ; ಏಳು ಸುತ್ತಿನ ಕೋಟೆಯ ಊರಿನವರು ಮನೆಯನ್ನೂ ಮುತ್ತಿಗೆಗೆ ಹೆದರಿಯೇ ಕಟ್ಟಿರಬೇಕು. ಒಳಕೋಣೆಗೆ 5 ತಲುಪುವುದೇ ಇಲ್ಲ. ಅಕ್ಕನ ಮಗ ವಿಧಿಯಿಲ್ಲದೆ 2.4ರಲ್ಲೇ ಓದುತ್ತಿದ್ದ. ಬೆಳಗ್ಗೆ ಸುಮಾರಾಗಿ ನಡೆಯುವ ಪಾಠದ ವಿಡಿಯೊ ಸಂಜೆಯಾದರೆ ನಿಂತು ನಿಂತು ಬರುತ್ತಿತ್ತು. ಹೋಗಿ ನೋಡಿದರೆ, ಸಂಜೆ ಹೊತ್ತು ಅವನು ಮದುವೆಯ ವಿಡಿಯೊಗಳನ್ನು ಹಾರ್ಡ್ ಡಿಸ್ಕ್‌ಗೆ ತುಂಬಿಸುತ್ತಿದ್ದ. ಡಿಸ್ಕ್‌ನ ಗಿಡ್ಡ ಕೇಬಲ್ ಲ್ಯಾಪ್‌ಟಾಪ್‌ಗೆ ಅಂಟಿಕೊಂಡಂತಿತ್ತು. ಕೇಬಲ್ ಕಿತ್ತೆ, ನಿಂತಿದ್ದ ವಿಡಿಯೊ ಹೊರಟೇಬಿಟ್ಟಿತು. ಮತ್ತೆ ಚುಚ್ಚಿದೆ, ಮತ್ತೆ ನಿಂತಿತು. ಆ ಡಿಸ್ಕ್‌ನಂಥ ಯುಎಸ್‌ಬಿ 3.0 ಸಾಧನಗಳು ಎಬ್ಬಿಸುವ ರೇಡಿಯೊ ಗದ್ದಲ 2.4ರ ಮೇಲೆಯೇ ಬೀಳುತ್ತದೆ ಎಂದು ಇಂಟೆಲ್ ಕಂಪನಿ 2012ರಲ್ಲೇ ಬರೆದು ಪ್ರಕಟಿಸಿದೆ. ಉದ್ದದ ಕೇಬಲ್ ತಂದು ಡಿಸ್ಕ್ ಅನ್ನು ಮೇಜಿನ ಆ ತುದಿಗೆ ಇಡಿಸಿದೆ, ಅಷ್ಟೇ.

ಲ್ಯಾಪ್‌ಟಾಪ್ ಹೊಸದಾಗಿರುವುದೂ ಒಂದು ಕಾರಣವಾಗಬಹುದು. ಮೊದಲ ಕೆಲವು ದಿನ ವಿಂಡೋಸ್ ತನ್ನ ಅಪ್‌ಡೇಟ್‌ಗಳನ್ನು ಸದ್ದಿಲ್ಲದೆ ಇಳಿಸಿಕೊಳ್ಳುತ್ತಿರುತ್ತದೆ. ಒಂದು ರಾತ್ರಿ ಚಾರ್ಜರ್ ಹಾಕಿ, ನಿದ್ದೆಗೆ ಜಾರದಂತೆ ಬಿಟ್ಟುಬಿಡಿ. ವೈಫೈ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶವನ್ನು, ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದಲೇ ಹಾಕಿಕೊಳ್ಳಿ. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ತಂತ್ರಾಂಶಗಳ ಸಹವಾಸ ಬೇಡ.

ಹುಡುಕಿದರೂ ಲ್ಯಾಪ್‌ಟಾಪ್‌ನಲ್ಲಿ 5ರ ಹೆಸರು ಕಾಣದಿದ್ದರೆ ಅದರ ಕಾರ್ಡಿಗೆ 2.4 ಮಾತ್ರ ಬರುತ್ತಿರಬಹುದು. ಆಗ ಎರಡೂ ಬ್ಯಾಂಡ್ ಹಿಡಿಯುವ ಯುಎಸ್‌ಬಿ ವೈಫೈ ಅಡಾಪ್ಟರ್ ಸಾಕು, ಲ್ಯಾಪ್‌ಟಾಪ್ ಬದಲಿಸಬೇಕಿಲ್ಲ. 5ಕ್ಕೆ ಸೇರಿ, ರೂಟರ್ ಪಕ್ಕದಲ್ಲೇ ಕುಳಿತರೂ 15 ದಾಟದಿದ್ದರೆ ರೂಟರ್‌ನಿಂದ ನೇರ ಕೇಬಲ್ ಎಳೆದು ಅಳೆಯಿರಿ. ಕೇಬಲ್‌ನಲ್ಲಿ 90 ಬಂದರೆ ದೋಷ ವೈಫೈ ಕಾರ್ಡಿನದ್ದೋ ಅದರ ಆಂಟೆನಾದ್ದೋ ಇರಬೇಕು. ಆ ಎರಡು ಅಳತೆಗಳ ಫೋಟೊ ಮತ್ತು ವಾರಂಟಿ ಚೀಟಿ ಹಿಡಿದು ಅಂಗಡಿಗೇ ಹೋಗಿ. ಲೈನ್ ನೋಡಿಸಿ ಎಂದು ಅವರು ಮತ್ತೆ ಹೇಳಿದರೆ ಕೇಬಲ್‌ನ ಅಳತೆಯ ಫೋಟೊವನ್ನು ಮೊದಲು ತೋರಿಸಿ.