ಕೆಂಪು ಇಳಿದರೆ ಉರಿಯೂತವೂ ಇಳಿದಂತೆಯಾ?

ಓದುಗರ ಪ್ರಶ್ನೆ: ಸ್ಟೀರಾಯ್ಡ್ ಕ್ರೀಮ್ ಹಚ್ಚಿದ ಮರುದಿನವೇ ಚರ್ಮದ ಕೆಂಪು ಮಾಯ. ಅಂದರೆ ಉರಿಯೂತ ವಾಸಿ ಆಯಿತು ಅಂತಲೇ ಅಲ್ವಾ? ಇದನ್ನು ಅಳೆಯೋದು ಹೇಗೆ?

ಉತ್ತರ: ವಾಸಿ ಆಯಿತು ಅಂತ ಅಷ್ಟು ಬೇಗ ಹೇಳಲು ಬರುವುದಿಲ್ಲ. ಸ್ಟೀರಾಯ್ಡ್ ಎರಡು ಕೆಲಸ ಮಾಡುತ್ತದೆ. ಉರಿಯೂತ ಎಬ್ಬಿಸುವ ರಾಸಾಯನಿಕಗಳು ತಯಾರಾಗುವುದನ್ನು ತಗ್ಗಿಸುತ್ತದೆ, ಅದರ ಜೊತೆಗೇ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ನಾಳ ಕುಗ್ಗಿದರೆ ಒಳಗೆ ಏನೇ ನಡೆಯುತ್ತಿರಲಿ, ಮೇಲೆ ಬಣ್ಣ ಬಿಳಿಚಿಕೊಳ್ಳುತ್ತದೆ.

ತಮಾಷೆ ಅಂದರೆ, ಈ ಔಷಧಿಗಳ ಶಕ್ತಿಯನ್ನು ಅಳೆಯಲು ತುಂಬಾ ಬಳಸುವುದು ಈ ಬಿಳಿಚುವಿಕೆಯನ್ನೇ. 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಎಂಬ ಸಂಶೋಧಕರು ತೋರಿಸಿಕೊಟ್ಟ ವಿಧಾನ ಅದು. ಆರೋಗ್ಯವಾಗಿರುವ ಮುಂದೋಳಿನ ಒಳಭಾಗದಲ್ಲಿ ಚಿಕ್ಕ ಚಿಕ್ಕ ಜಾಗ ಗುರುತು ಮಾಡಿ ಔಷಧಿ ಹಚ್ಚುತ್ತಾರೆ, ಕೆಲವು ಗಂಟೆ ಬಿಟ್ಟು ಒರೆಸಿ, ಎಷ್ಟು ಬಿಳಿಚಿದೆ ಅಂತ ಕಣ್ಣಿನಿಂದಲೋ ಬಣ್ಣ ಅಳೆಯುವ ಯಂತ್ರದಿಂದಲೋ ನೋಡಿ ಅಂಕ ಕೊಡುತ್ತಾರೆ. ಸೌಮ್ಯ, ಪ್ರಬಲ, ಅತಿ ಪ್ರಬಲ ಎಂಬ ವಿಂಗಡಣೆಗೆ ಇದೊಂದು ಮುಖ್ಯ ಆಧಾರ. ಟ್ಯೂಬ್ ಮೇಲಿನ ಶೇಕಡಾ ನೋಡಿ ಮೋಸ ಹೋಗಬೇಡಿ: ಶೇ 1ರ ಹೈಡ್ರೋಕಾರ್ಟಿಸೋನ್ ಸೌಮ್ಯ, ಶೇ 0.05ರ ಕ್ಲೋಬೆಟಾಸೋಲ್ ಅತಿ ಪ್ರಬಲ.

ಆದರೆ ಅದು ಕೆರಳದ ಚರ್ಮ. ಕೆರಳಿದ ಚರ್ಮದ ಮೇಲೆ ಪರೀಕ್ಷಿಸಬೇಕಾದರೆ ಮೊದಲು ಕೆರಳಿಸಬೇಕು! ಶಾಂಪೂಗಳಲ್ಲಿ ನೊರೆಗಾಗಿ ಹಾಕುವ ಸೋಡಿಯಂ ಲಾರಿಲ್ ಸಲ್ಫೇಟನ್ನು ನೀರಿನಲ್ಲಿ ಕರಗಿಸಿ, ಪುಟ್ಟ ಬಟ್ಟಲಿನಂಥ ಪಟ್ಟಿಯಲ್ಲಿಟ್ಟು, ಸ್ವಯಂಸೇವಕರ ತೋಳಿಗೋ ಬೆನ್ನಿಗೋ ಸಾಮಾನ್ಯವಾಗಿ ಒಂದು ದಿನ ಅಂಟಿಸುತ್ತಾರೆ. ಪಟ್ಟಿ ಕಿತ್ತಾಗ ಕೆಳಗೆ ದುಂಡಗಿನ ಕೆಂಪು ಮಚ್ಚೆ. ನೇರಳಾತೀತ ಕಿರಣದಿಂದ ಕೆಂಪಾಗಿಸುವುದೂ ಉಂಟು. ಒಂದು ಮಚ್ಚೆಗೆ ಔಷಧಿಯಿರುವ ಕ್ರೀಮ್, ಇನ್ನೊಂದಕ್ಕೆ ಔಷಧಿಯಿಲ್ಲದ ಬರೀ ಕ್ರೀಮ್, ಮತ್ತೊಂದಕ್ಕೆ ಏನೂ ಇಲ್ಲ. ಯಾವುದಕ್ಕೆ ಯಾವುದು ಅಂತ ಅಳೆಯುವವರಿಗೂ ಗೊತ್ತಿರಬಾರದು. ಬರೀ ಕ್ರೀಮ್ ಯಾಕೆ ಅಂದರೆ, ಸುಮ್ನೆ ಜಿಡ್ಡು ಹಚ್ಚಿದರೂ ಒಣಗಿ ಕೆರಳಿದ ಚರ್ಮ ಒಂದಷ್ಟು ತಣಿಯುತ್ತದೆ. ಆ ಪಾಲನ್ನು ಕಳೆದ ಮೇಲೆ ಉಳಿಯುವುದಷ್ಟೇ ಸ್ಟೀರಾಯ್ಡಿನ ಲೆಕ್ಕ.

ಆಮೇಲೆ ಬಣ್ಣ ಒಂದನ್ನೇ ನಂಬುವುದಿಲ್ಲ. ಲೇಸರ್ ಡಾಪ್ಲರ್‌ ಎಂಬ ಬೆಳಕಿನ ಯಂತ್ರದಿಂದ ರಕ್ತದ ಹರಿವು ನೋಡುತ್ತಾರೆ (ನಾಳ ಕುಗ್ಗಿದರೆ ಇದೂ ಇಳಿಯುತ್ತದೆ, ಹಾಗಾಗಿ ಇದೂ ಪೂರ್ತಿ ಸಾಕ್ಷಿ ಅಲ್ಲ). ಊತ ಎಷ್ಟಿದೆ ಅಂತ ಅಲ್ಟ್ರಾಸೌಂಡಿನಲ್ಲಿ ದಪ್ಪ ಅಳೆಯಬಹುದು. ನನ್ನ ಪ್ರಕಾರ ಜಾಸ್ತಿ ಹೇಳುವ ಅಳತೆ, ಚರ್ಮದಿಂದ ಎಷ್ಟು ನೀರು ಆವಿಯಾಗಿ ಹೋಗುತ್ತಿದೆ ಎಂಬುದು. ಮೇಲ್ಪದರ ಹಾಳಾಗಿದ್ದರೆ ನೀರು ಸೋರುತ್ತಲೇ ಇರುತ್ತದೆ, ಕೆಂಪು ಇಲ್ಲದಿದ್ದರೂ. ಪ್ರಬಲ ಸ್ಟೀರಾಯ್ಡನ್ನು ಕೆಲವೇ ದಿನ ಹಚ್ಚಿದರೂ ಆ ಪದರ ರಿಪೇರಿಯಾಗುವುದು ನಿಧಾನವಾಗಬಹುದು. ಸೋಪು, ಡಿಟರ್ಜೆಂಟಿನಿಂದ ಕೆರಳಿದ ಚರ್ಮದಲ್ಲಿ ಸ್ಟೀರಾಯ್ಡ್ ಎಷ್ಟು ಉಪಯೋಗ ಎಂಬುದರಲ್ಲಿ ಅಧ್ಯಯನಗಳ ಫಲಿತಾಂಶ ಒಂದೇ ಥರ ಇಲ್ಲದಿರುವುದು ಇದನ್ನೆಲ್ಲ ನೋಡಿದರೆ ಅಷ್ಟೇನೂ ಆಶ್ಚರ್ಯವಲ್ಲ.

ಕಪ್ಪು ಚರ್ಮದವರಿಗೆ ಇನ್ನೊಂದು ತೊಂದರೆ. ಕೆಂಪು ಅಲ್ಲಿ ಕೆಂಪಾಗಿ ಕಾಣುವುದೇ ಕಮ್ಮಿ, ಕಂದು ಅಥವಾ ನೇರಳೆ ಛಾಯೆ ಬರುತ್ತದೆ. ಹಾಗಾಗಿ ಕಣ್ಣಳತೆಯಲ್ಲಿ ಉರಿಯೂತ ಇರುವುದಕ್ಕಿಂತ ಕಮ್ಮಿ ಅನಿಸಿಬಿಡುತ್ತದೆ.

ನೀವು ಮನೆಯಲ್ಲಿ ನೋಡುವುದಾದರೆ ಬೆರಳು ಸಾಕು. ಕಣ್ಣು ಮುಚ್ಚಿ ಆ ಜಾಗ ಸವರಿ, ಪಕ್ಕದ ಚೆನ್ನಾಗಿರುವ ಚರ್ಮವನ್ನೂ ಸವರಿ. ಒರಟು, ದಪ್ಪ, ಬಿಸಿ ಅನಿಸಿದರೆ ಅಥವಾ ರಾತ್ರಿ ತುರಿಕೆ ಇನ್ನೂ ಇದ್ದರೆ ಉರಿಯೂತ ಪೂರ್ತಿ ಹೋಗಿಲ್ಲ. ತುರಿಕೆಗೆ ದಿನಾ ಅದೇ ಹೊತ್ತಿಗೆ 0ಯಿಂದ 10ರೊಳಗೆ ಅಂಕ ಬರೆದಿಟ್ಟು ವೈದ್ಯರಿಗೆ ತೋರಿಸಿ. ಕೆಂಪು ಇಳಿದರೂ ಮಚ್ಚೆ ಅಂಚಿನಲ್ಲಿ ಹರಡುತ್ತಾ ಹೋದರೆ ಕ್ರೀಮ್ ಮುಂದುವರಿಸದೆ ಬೇಗ ತೋರಿಸಿ, ಏಕೆಂದರೆ ಹುಳಕಡ್ಡಿಯಂಥ ಶಿಲೀಂಧ್ರ ಸೋಂಕಿಗೆ ಸ್ಟೀರಾಯ್ಡ್ ಹಚ್ಚಿದರೂ ಮೊದಲು ಕೆಂಪು ಇಳಿಯುತ್ತದೆ, ಶಿಲೀಂಧ್ರ ಮಾತ್ರ ಆರಾಮಾಗಿ ಬೆಳೆಯುತ್ತಿರುತ್ತದೆ.