ಮಳೆಗಾಲದಲ್ಲಿ ಮೈಕ್ ಯಾಕೆ ಚಟಪಟ ಅನ್ನುತ್ತದೆ?

ಮಳೆ ಹಿಡಿಯಿತೆಂದರೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಮಲೆನಾಡಿನ ಜಗಲಿಗಳಲ್ಲಿ ತಾಳಮದ್ದಳೆ ಶುರುವಾಗುತ್ತದೆ. ಈಗೀಗ ಅದನ್ನು ರೆಕಾರ್ಡ್ ಮಾಡುವವರೂ ಜಾಸ್ತಿ. ಬೇಸಿಗೆಯಲ್ಲಿ ಚೆನ್ನಾಗಿದ್ದ ಕಂಡೆನ್ಸರ್ ಮೈಕ್ ಜುಲೈ ಹೊತ್ತಿಗೆ ಚಟಪಟ ಅನ್ನತೊಡಗುತ್ತದೆ. ಬೈಸಿಕೊಳ್ಳುವುದು ಮಾತ್ರ ಪ್ರೀಆಂಪ್, ಅಂದರೆ ಮೈಕಿನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಭಾಗ. ಇದಕ್ಕಿಂತ ದುಬಾರಿಯದ್ದು ತನ್ನಿ ಅನ್ನುವವರಿದ್ದಾರೆ. ಮಿಕ್ಸರ್‌ಗೆ ನಿಂಬೆಹಣ್ಣು ನಿವಾಳಿಸುವವರೂ ಇದ್ದಾರೆ. ಎರಡೂ ಒಂದೇ ಜಾತಿಯ ನಂಬಿಕೆ. ನಿಂಬೆಹಣ್ಣು ಅಗ್ಗ, ಅಷ್ಟೇ.

ತೊಂದರೆ ಇರುವುದು ಪ್ರೀಆಂಪ್‌ಗಿಂತ ಮೊದಲು, ಮೈಕಿನ ತಲೆಯೊಳಗೆ. ಅಲ್ಲಿ ಒಂದು ತೆಳು ಪೊರೆ, ಅದರ ಹಿಂದೆ ಲೋಹದ ತಟ್ಟೆ. ನಡುವೆ ಸುಮಾರು 60 ವೋಲ್ಟ್ ಕೊಟ್ಟು ಚಾರ್ಜ್ ತುಂಬಿರುತ್ತಾರೆ. ದನಿಗೆ ಪೊರೆ ಅಲುಗಿದಾಗ ಚಾರ್ಜ್ ಇದ್ದಷ್ಟೇ ಇದ್ದರೆ ವೋಲ್ಟೇಜ್ ಏರಿಳಿಯುತ್ತದೆ. ಆದರೆ ಇದ್ದಷ್ಟೇ ಇರಿಸುವುದೇ ಕಷ್ಟದ ಕೆಲಸ. ಪೊರೆ, ತಟ್ಟೆ ಸೇರಿದ ಈ ಕ್ಯಾಪ್ಸೂಲಿನ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಶಕ್ತಿ, 50 ಪಿಕೋಫ್ಯಾರಡ್ ಆಸುಪಾಸು. 20 ಹರ್ಟ್ಜ್‌ನಲ್ಲಿ ಅದರ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸುಮಾರು 16 ಕೋಟಿ ಓಮ್! ಹಾಗಾಗಿ ಚಾರ್ಜ್ ಕೊಡುವ ರೆಸಿಸ್ಟರ್ ಅದಕ್ಕಿಂತ ಬಹಳ ದೊಡ್ಡದಿರಬೇಕು. 100 ಕೋಟಿ ಓಮ್, ಅಂದರೆ 1 ಗಿಗಾಓಮ್ ಹಾಕುವುದು ಸಾಮಾನ್ಯ.

ರೆಸಿಸ್ಟರ್ ದೊಡ್ಡದಾದಷ್ಟೂ ಅದರದ್ದೇ ಗದ್ದಲ ಜಾಸ್ತಿ ಅಲ್ವಾ? ಹೌದು. ಆದರೆ ಆ ಗದ್ದಲವನ್ನು ಕ್ಯಾಪ್ಸೂಲೇ ಸೋಸಿ, ಕಿವಿಗೆ ಕೇಳಿಸದಷ್ಟು ಕೆಳಗಿನ ಫ್ರೀಕ್ವೆನ್ಸಿಗೆ ತಳ್ಳಿಬಿಡುತ್ತದೆ. ಹೀಗಾಗಿ ರೆಸಿಸ್ಟರ್ ಹೆಚ್ಚಿದಂತೆ ನಮಗೆ ಕೇಳಿಸುವ ಗದ್ದಲ ಕಮ್ಮಿ. ಈ ತಮಾಷೆ ನನಗೆ ಇವತ್ತಿಗೂ ಸಾಕಾಗಿಲ್ಲ.

ಈಗ ಇದನ್ನು ಆಗುಂಬೆಗೆ ತನ್ನಿ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುವ ಊರು. ಮೈಕಿನೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಬೆರಳಿನ ಜಿಡ್ಡು, ಕ್ಯಾಪ್ಸೂಲಿನ ಮೇಲೆ ಭಾಗವತರ ಎಂಜಲಿನ ಸಣ್ಣ ಹನಿ. ಅದಕ್ಕೆ ತೇವ ಸೇರಿದರೆ ಚಾರ್ಜ್ ಹರಿದುಹೋಗಲು ದಾರಿ ಸಿಕ್ಕಿತು. ಗದ್ದೆ ಅಂಚಿಗೆ ಏಡಿ ತೂತು ಕೊರೆದ ಹಾಗೆ: ತೂತು ಬೆರಳಷ್ಟು, ಬೆಳಗಾಗುವಷ್ಟರಲ್ಲಿ ನೀರೆಲ್ಲ ಕೆಳಗಿನ ಗದ್ದೆಗೆ. ಸೋರಿಕೆ ಒಂದೇ ಸಮ ಇದ್ದಿದ್ದರೆ ದನಿ ಸಣ್ಣದಾಗುತ್ತಿತ್ತು, ಅಷ್ಟೇ. ಆದರೆ ಅದು ತಡೆತಡೆದು ಸೋರುತ್ತದೆ. ಒಂದೊಂದು ಸಲವೂ ವೋಲ್ಟೇಜ್ ಜಿಗಿಯುತ್ತದೆ. 60 ಡೆಸಿಬೆಲ್ ಗೇನ್ ಇಟ್ಟ ಪ್ರೀಆಂಪ್ ಆ ಜಿಗಿತವನ್ನು ನಿಯತ್ತಾಗಿ ಸಾವಿರ ಪಟ್ಟು ಹಿಗ್ಗಿಸಿ ಕೊಡುತ್ತದೆ. ಪಾಪ, ಅದರ ತಪ್ಪೇನು?

ಮೈಕ್ ಕಟ್ಟುವವರಿಗೆ ಇದು ಗೊತ್ತು. ಆ ಗಿಗಾಓಮ್ ಜಾಯಿಂಟನ್ನು ಬೋರ್ಡಿಗೆ ತಾಗಿಸದೆ ಟೆಫ್ಲಾನ್ ಕಂಬದ ಮೇಲೆ ಬೆಸೆಯುತ್ತಾರೆ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆಯುತ್ತಾರೆ. ಹಳೆಯ ವಾಲ್ವ್ (ಟ್ರಾನ್ಸಿಸ್ಟರಿಗೂ ಮೊದಲಿನ ಬಿಸಿ ಕೊಳವೆ) ಮೈಕುಗಳಿಗೆ ಒಂದು ಪುಕ್ಕಟೆ ಅನುಕೂಲವಿತ್ತು. 1949ರ ನಾಯ್ಮನ್ ಯು47 ತರಹದವುಗಳಲ್ಲಿ ವಾಲ್ವ್ ಹೊಟ್ಟೆಯೊಳಗೇ ಉರಿಯುವುದರಿಂದ ತೇವ ಸ್ವಲ್ಪ ಆರುತ್ತದೆ.

ಟ್ರಾನ್ಸಿಸ್ಟರ್ ಬಂದಾಗ ಹೊಸ ತಲೆನೋವು. ಮೊದಲಿನ ಟ್ರಾನ್ಸಿಸ್ಟರ್‌ಗಳ ಇನ್‌ಪುಟ್ ಇಂಪೀಡೆನ್ಸ್ ಕಮ್ಮಿ, ಗಿಗಾಓಮ್‌ಗೆ ಅವು ಹೊಂದುವುದಿಲ್ಲ. ಆಗ ಜರ್ಮನಿಯ ಸೆನ್‌ಹೈಸರ್‌ನವರು ಲೆಕ್ಕವನ್ನೇ ತಿರುಗಿಸಿದರು. ಕ್ಯಾಪ್ಸೂಲಿಗೆ ನಿಂತ ಚಾರ್ಜ್ ಬೇಡ, ಸುಮಾರು 8 ಮೆಗಾಹರ್ಟ್ಜ್ ರೇಡಿಯೊ ಫ್ರೀಕ್ವೆನ್ಸಿ ಕೊಡೋಣ ಎಂದರು. ಪೊರೆ ಅಲುಗಿದಂತೆ ಆ ಅಲೆ ಬದಲಾಗುತ್ತದೆ, ಅದರಿಂದ ದನಿಯನ್ನು ಬಿಡಿಸಿಕೊಳ್ಳುತ್ತಾರೆ. ಅಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಅದೇ 50 ಪಿಕೋಫ್ಯಾರಡ್‌ನ ಇಂಪೀಡೆನ್ಸ್ ಬರೀ 400 ಓಮ್! ತೇವದ ಸೋರಿಕೆ ಇದರ ಮುಂದೆ ಲೆಕ್ಕಕ್ಕೇ ಇಲ್ಲ. ಟ್ರಾನ್ಸಿಸ್ಟರ್‌ಗೆಂದು ಹುಡುಕಿದ ದಾರಿ ಮಳೆಗೂ ಒದಗಿತು. ಮಳೆಕಾಡಿನಲ್ಲಿ ಹಕ್ಕಿ, ಕಪ್ಪೆಗಳ ದನಿ ಹಿಡಿಯುವವರು ಸೆನ್‌ಹೈಸರ್‌ನ ಈ ಬಗೆಯ ಎಂಕೆಎಚ್ ಮೈಕುಗಳನ್ನು ಮೆಚ್ಚುವುದು ಸುಮ್ನೆ ಅಲ್ಲ.

ಬೆಲೆ ಕೇಳಿದರೆ ಜಗಲಿ ತಾಳಮದ್ದಳೆಗೆ ಅದು ಆಗದ ಮಾತು. ಇದ್ದ ಕಂಡೆನ್ಸರನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಮಳೆಗಾಲಕ್ಕೆ ಡೈನಮಿಕ್ ಮೈಕ್ ಬಳಸಿ. ಅದರಲ್ಲಿ ಚಾರ್ಜ್ ಇಲ್ಲ, ಪೊರೆಗೆ ಅಂಟಿದ ತಂತಿಯ ಕಾಯಿಲ್ ಆಯಸ್ಕಾಂತದ ನಡುವೆ ಅಲುಗುತ್ತದೆ. ಅದರ ಕಾಯಿಲ್ ಕೆಲವು ನೂರು ಓಮ್, ತೇವಕ್ಕೆ ಜಗ್ಗುವುದಿಲ್ಲ. ಆದರೆ ಅದು ಕೊಡುವ ಸಿಗ್ನಲ್ ಬಲು ಸಣ್ಣದು. ಗದ್ದಲ ಕಮ್ಮಿ ಇರುವ ಒಳ್ಳೆ ಪ್ರೀಆಂಪ್‌ಗೆ ದುಡ್ಡು ಹಾಕುವುದಿದ್ದರೆ ಈಗ ಹಾಕಿ.