ಮಗುವಿನ ಹೇಳಿಕೆ ತಗೊಳ್ಳುವಾಗ ಅಮ್ಮ ಪಕ್ಕದಲ್ಲಿ ಇರಬಹುದಾ?

ಪ್ರಶ್ನೆ: ನಾವು ಕೊಡಗಿನ ಕಾಫಿ ತೋಟದ ಲೈನ್ ಮನೆಯವರು. ಅಕ್ಕನ ಮಗಳ ವಿಷಯದಲ್ಲಿ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ) ಕೇಸ್ ಆಗಿದೆ. ಹೇಳಿಕೆ ತಗೊಳ್ಳಲು ಪೊಲೀಸರು ಬರುತ್ತಾರಂತೆ. ಅಕ್ಕ ಜೊತೆಗಿರಬಹುದಾ? ಮಗು ತಡವರಿಸಬಾರದು ಅಂತ ಮೊದಲೇ ಒಂದು ಸಲ ಹೇಳಿಸಿ ನೋಡೋಣವಾ?

(ಊರು, ವಯಸ್ಸು ಬಿಟ್ಟಿದ್ದೇನೆ. ಮಗುವಿನ ಗುರುತು ಸಿಗುವಂಥದ್ದೇನೂ ಅಚ್ಚಾಗಬಾರದು.)

ಉತ್ತರ: ಇರಬಹುದು. ಹೇಳಿಸಿ ನೋಡುವುದು ಮಾತ್ರ ಬೇಡವೇ ಬೇಡ.

ಅಜ್ಜಿ ಒಂದು ಸಲ, ಚಿಕ್ಕಮ್ಮ ಒಂದು ಸಲ ಕೇಳಿದರೆ ಮಗು ನಮ್ಮ ಮುಖ ನೋಡಿ ಮಾತು ಬದಲಿಸುತ್ತದೆ. ‘ಅವನೇ ಅಲ್ವಾ?’ ಅಂದರೆ ಮುಗೀತು, ಉತ್ತರ ನಾವೇ ಕೊಟ್ಟ ಹಾಗಾಯಿತು. ‘ಮನೆಯವರು ಹೇಳಿಕೊಟ್ಟಿದ್ದಾರೆ’ ಅಂತ ಎದುರು ವಕೀಲರು ಕೋರ್ಟಿನಲ್ಲಿ ಹಿಡಿಯುವುದು ಇದನ್ನೇ. ತಡವರಿಸಿದರೆ ತಡವರಿಸಲಿ ಬಿಡಿ. ‘ಒಬ್ಬರು ಮೇಡಂ ಬರ್ತಾರೆ, ನೆನಪಿದ್ದಷ್ಟು ಹೇಳು’ ಅಂದರೆ ಸಾಕು.

ತರಬೇತಿ ಆದವರು ನೇರವಾಗಿ ವಿಷಯಕ್ಕೆ ಬರುವುದಿಲ್ಲ. ‘ಹುತ್ತರಿ ದಿನ ಏನೇನಾಯ್ತು, ಬೆಳಿಗ್ಗೆಯಿಂದ ಹೇಳು ಮಗಾ’ ಅನ್ನುತ್ತಾರೆ. ಮಗು ಪಟಾಕಿ, ಪಾಯಸ ಅಂತ ಶುರು ಮಾಡುತ್ತದೆ. ನಡುವೆ ಬಾಯಿ ಹಾಕುವುದಿಲ್ಲ. ‘ಆಮೇಲೆ?’ ಅಷ್ಟೇ. ನೋಡುವವರಿಗೆ ಇದು ಸುಮ್ನೆ ಹರಟೆ. ಆದರೆ ತನ್ನದೇ ಮಾತಿನಲ್ಲಿ ಉದ್ದಕ್ಕೆ ಹೇಳುವುದು ಮಗುವಿಗೆ ಅಲ್ಲೇ ರೂಢಿಯಾಗುತ್ತದೆ. ‘ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ನಾನು ತಪ್ಪು ಹೇಳಿದರೆ ತಿದ್ದು’ ಅಂತಲೂ ಹೇಳಿರುತ್ತಾರೆ. ಎಲ್ಲ ಕಡೆ ಇಷ್ಟು ತಾಳ್ಮೆ ಇರುವುದಿಲ್ಲ, ನಿಜ.

2012ರ ಪೋಕ್ಸೋ ಕಾಯ್ದೆ ಪ್ರಕಾರ ಹೇಳಿಕೆ ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಆಗಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಸಬ್ ಇನ್ಸ್‌ಪೆಕ್ಟರ್‌ಗಿಂತ ಕೆಳಗಿನವರಲ್ಲ. ಯೂನಿಫಾರ್ಮ್ ಹಾಕಿರಬಾರದು. ಲೈನ್ ಮನೆಯಲ್ಲಿ ಪಿಸುಗುಟ್ಟಿದರೂ ಆಚೆ ಮನೆಗೆ ಕೇಳುತ್ತದೆ ಅಲ್ವಾ? ಹಾಗಿದ್ದರೆ ಬೇರೆ ಜಾಗ ಕೇಳಿ. ಅಕ್ಕ ಮಗುವಿನ ಎದುರಿಗಿಂತ ಸ್ವಲ್ಪ ಹಿಂದೆ ಕೂರಲಿ, ಮಾತಾಡದೆ. ‘ಅಮ್ಮ ಅಳುತ್ತಾಳೆ’ ಅಂತ ಮಗು ಮುಚ್ಚಿಡುತ್ತಿದ್ದರೆ ಅಕ್ಕನ ಬದಲು ಅದು ನಂಬುವ ಇನ್ನೊಬ್ಬರು ಇರಬಹುದು. ಇದು 26ನೇ ಸೆಕ್ಷನ್‌ನಲ್ಲೇ ಇದೆ.

ಮನೆಯಲ್ಲಿ ಯಾವ ಭಾಷೆ ಅಂತ ನೀವು ಬರೆದಿಲ್ಲ. ಎರವ ಭಾಷೆಯೋ, ಕೊಡವ ತಕ್ಕೋ, ಮಲಯಾಳವೋ, ಮಗು ಅದರಲ್ಲೇ ಹೇಳಲಿ. ಅನುವಾದಕರನ್ನು ಕರೆಸಲು ಅವಕಾಶವಿದೆ. ತೋಟದ ರೈಟರು ‘ನಾನೇ ಹೇಳ್ತೀನಿ ಬಿಡಿ’ ಅಂತ ಬಂದರೆ ಒಪ್ಪಬೇಡಿ. ನಾಳೆ ಅವರ ಕೈಕೆಳಗೇ ಕೆಲಸ ಮಾಡಬೇಕಲ್ಲ.

ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು. ಆಸ್ಪತ್ರೆ, ಕೋರ್ಟು ಅಂತ ಜೊತೆಗೆ ಬರುವುದು, ಕೇಸ್ ಎಲ್ಲಿಗೆ ಬಂತು ಅಂತ ತಿಳಿಸುವುದು ಇವರ ಕೆಲಸ. ಊಟ, ಬಟ್ಟೆ, ಓಡಾಟದ ಖರ್ಚಿಗೆ ತುರ್ತು ಹಣ ಕೊಡಿಸುವಂತೆ ಶಿಫಾರಸು ಮಾಡಲೂ 2020ರ ನಿಯಮಗಳಲ್ಲಿ ಸಮಿತಿಗೆ ದಾರಿಯಿದೆ. ದಿನದ ಕೂಲಿ ಬಿಟ್ಟು ಮಡಿಕೇರಿಗೆ ಬಸ್ ಹತ್ತುವ ಅಕ್ಕ ಇದನ್ನು ಕೇಳಲು ಸಂಕೋಚಪಡಬೇಕಿಲ್ಲ. ಸಮಿತಿಯಿಂದ ಇನ್ನೂ ಯಾರೂ ಮಾತಾಡಿಸಿಲ್ಲ ಅಂದರೆ ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.